ಅಣ್ಣನ ಬರಿಗಾಲು, ಅತ್ತಿಗೆಯ ಕೈಚೀಲ

ಈಚೆಗೆ ನನಗೆ ಛಲ ಬಿಡದ ಜನರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ಸಾಕು, ಮತ್ತಿಕೆರೆಯ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಬೆಟ್ಟ ಹತ್ತುತ್ತಿರುವ ಮನುಷ್ಯನ ಚಿತ್ರ ಹಾಕಿ, ಕೆಳಗೆ ‘ಎಂದಿಗೂ ನಿಲ್ಲಬೇಡಿ’ ಎಂದು ಬರೆದಿರುತ್ತಾರೆ. ಯಾಕ್ರೀ ನಿಲ್ಲಬಾರದು? ದಾರಿಯೇ ತಪ್ಪಾಗಿದ್ದರೆ? ಅವನ ಹೆಂಡತಿ ಕೆಳಗೆ ನಿಂತು ‘ಸಾಕು, ಇಳಿದು ಬನ್ನಿ’ ಎಂದು ಕೂಗುತ್ತಿದ್ದರೆ? ಚಿತ್ರದಲ್ಲಿ ಅವಳನ್ನು ಯಾರೂ ಬರೆಯುವುದಿಲ್ಲ. ಕೆಳಗೆ ಮೂವತ್ತು ಜನ ಕೈಮುಗಿಯುವ ಗುರುತು ಹಾಕಿರುತ್ತಾರೆ.

ಇಷ್ಟೆಲ್ಲ ಹೇಳುವ ನಾನೇನು ದೊಡ್ಡ ಬುದ್ಧಿವಂತೆಯಲ್ಲ. ಹೋದ ತಿಂಗಳು ಪೇಟೆಯಿಂದ ಬಂದು, ಮನೆಯ ಬಾಗಿಲಿಗೆ ಬೀರುವಿನ ಬೀಗದಕೈ ಹಾಕಿ ತಿರುಗಿಸುತ್ತಿದ್ದೆ. ಎದುರುಮನೆಯವರು ನೋಡಿ, “ಮೇಡಂ, ಅದು ಬೇರೆ ಕೀ ಇರ್ಬೇಕು ನೋಡಿ” ಎಂದರು. “ಇಪ್ಪತ್ತು ವರ್ಷದಿಂದ ತೆಗೀತಿದ್ದೀನಿ ಕಣ್ರೀ, ನಂಗೊತ್ತಿಲ್ವಾ?” ಎಂದು ಇನ್ನೂ ಜೋರಾಗಿ ತಿರುಗಿಸಿದೆ. ಕೀ ಮುರಿದು ಅರ್ಧ ಒಳಗೇ ಉಳಿಯಿತು. ಬೀಗ ರಿಪೇರಿಯವನು ಬರುವವರೆಗೆ ಎದುರುಮನೆಯವರು ಕೊಟ್ಟ ಕಾಫಿ ಕುಡಿಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದೆ. ಅಷ್ಟಾದರೂ ನಾನು ಬೈದದ್ದು ಬೀಗ ಮಾಡಿದವನನ್ನೇ. ಇದು ನಮ್ಮ ಮನೆತನದ ಗುಣ. ನಮ್ಮಪ್ಪನಿಗಿತ್ತು, ನನಗಿದೆ, ಸಿಂಗಾಪುರದಲ್ಲಿ, ಅಂದರೆ ಹೊರದೇಶದ್ದಲ್ಲ, ನಮ್ಮ ಬೆಂಗಳೂರಿನದೇ ಸಿಂಗಾಪುರದಲ್ಲಿ ಇರುವ ನನ್ನಣ್ಣ ಇನ್ನಾಸಪ್ಪನಿಗಂತೂ ಕೇಜಿಗಟ್ಟಲೆ ಇದೆ. ನಾನು ಹೇಳಹೊರಟಿರುವುದು ಅವನ ಕಾಲಿನ ವಿಷಯ. ಅದಕ್ಕೆ ಮೊದಲು ಒಂದು ಕತ್ತೆಯ ವಿಷಯ ಹೇಳಬೇಕು.

ನಮ್ಮ ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಬೈಬಲ್ ಪಾಠ ಮಾಡುವವಳು ನಾನು. ಅವರಿಗೆ ಬಲು ಇಷ್ಟವಾದ ಕಥೆ ಕತ್ತೆಯದು. ಒಬ್ಬ ಪ್ರವಾದಿ ಇದ್ದ. ಅವನ ಹೆಸರು ನಾನು ಹೇಳುವುದಿಲ್ಲ. ಅಷ್ಟು ಪೆಟ್ಟು ತಿಂದ ಕತ್ತೆಗೇ ಆ ಕಥೆಯಲ್ಲಿ ಹೆಸರಿಲ್ಲ, ಇವನಿಗೇಕೆ? ಅವನು ಹರಸಿದರೆ ಒಳ್ಳೆಯದಾಗುತ್ತದೆ, ಶಪಿಸಿದರೆ ಕೆಡುಕಾಗುತ್ತದೆ ಎಂದು ಸುತ್ತಲೂ ನಂಬಿಕೆ. ಒಬ್ಬ ರಾಜ, ತನ್ನ ಶತ್ರುಗಳನ್ನು ಶಪಿಸು ಬಾ ಎಂದು ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ. ದೇವರು ಬೇಡ ಎಂದ. ರಾಜ ಬಿಡಲಿಲ್ಲ, ಇನ್ನೂ ದೊಡ್ಡ ಮನುಷ್ಯರನ್ನು ಕಳಿಸಿ, ಇನ್ನೂ ದೊಡ್ಡ ಮರ್ಯಾದೆಯ ಆಸೆ ತೋರಿಸಿದ. ಒಮ್ಮೆ ಬೇಡ ಎಂದ ದೇವರನ್ನೇ ಪ್ರವಾದಿ ಇನ್ನೊಮ್ಮೆ ಕೇಳಿದ. ಅಮ್ಮ ಬೇಡ ಎಂದ ಮೇಲೂ ಐಸ್‌ಕ್ರೀಮ್ ಕೇಳ್ತೀರಲ್ಲ, ಹಾಗೆ ಎಂದರೆ ಮಕ್ಕಳಿಗೆ ಸರಿಯಾಗಿ ಅರ್ಥವಾಗುತ್ತದೆ. ಹೋಗು ಮಾರಾಯ ಎಂಬಂತೆ ದೇವರು ಹೂಂ ಎಂದ, ಆದರೆ ಸಿಟ್ಟಿನಲ್ಲಿದ್ದ.

ದಾರಿಯಲ್ಲಿ ದೇವದೂತ ಕತ್ತಿ ಹಿರಿದು ನಿಂತಿದ್ದಾನೆ. ಕತ್ತೆಗೆ ಕಾಣುತ್ತದೆ, ದೊಡ್ಡ ಪ್ರವಾದಿಗೆ ಕಾಣುವುದಿಲ್ಲ. ಕತ್ತೆ ಹೊಲಕ್ಕೆ ತಿರುಗಿತು, ಹೊಡೆದ. ಇಕ್ಕಟ್ಟಿನ ದಾರಿಯಲ್ಲಿ ಗೋಡೆಗೆ ಒತ್ತಿಕೊಂಡಿತು, ಇವನ ಕಾಲು ಜಜ್ಜಿತು, ಮತ್ತೆ ಹೊಡೆದ. ಮೂರನೆಯ ಸಲ ಕತ್ತೆ ಸುಮ್ಮನೆ ಕುಸಿದು ಮಲಗಿಬಿಟ್ಟಿತು, ದೊಣ್ಣೆಯಿಂದ ಹೊಡೆದ. ಆಗ ಕತ್ತೆ ಬಾಯಿಬಿಟ್ಟು ಮಾತಾಡಿತು. ಕತ್ತೆ ಹೇಗೆ ಮಾತಾಡೀತು ಎಂದು ಓದಿದವರು ಇವತ್ತಿಗೂ ವಾದ ಮಾಡುತ್ತಾರಂತೆ. ನನಗೆ ಆಶ್ಚರ್ಯ ಅದಲ್ಲ. ಕತ್ತೆ ಮಾತಾಡಿದರೂ ಈ ಮನುಷ್ಯ ಬೆಚ್ಚಿಬೀಳಲಿಲ್ಲವಲ್ಲ! ಅದರ ಜೊತೆ ಜಗಳಕ್ಕೇ ನಿಂತ, ಕೈಯಲ್ಲಿ ಕತ್ತಿ ಇದ್ದಿದ್ದರೆ ನಿನ್ನನ್ನು ಕೊಂದುಬಿಡುತ್ತಿದ್ದೆ ಎಂದ. ಹಠ ತಲೆಗೇರಿದವನ ಲಕ್ಷಣ ನೋಡಿ. ಇಪ್ಪತ್ತು ವರ್ಷ ಈ ಪಾಠ ಮಾಡಿದ್ದೇನೆ, ಕತ್ತೆಯ ದನಿಯನ್ನೂ ತೆಗೆದು ತೋರಿಸಿದ್ದೇನೆ. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದಾರೆ. ಪಾಠ ಮಾಡಿದವಳಿಗೆ ಮಾತ್ರ ಪಾಠ ಹತ್ತಲಿಲ್ಲ.

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಮೊದಲ ವಾರ ಆರೋಗ್ಯ ಮಾತೆಯ ಹಬ್ಬ. ಆಗ ಬೆಂಗಳೂರಿನ ಮೂಲೆಮೂಲೆಯಿಂದ ಜನ ಕಾವಿ ಬಟ್ಟೆ ಉಟ್ಟು, ಬರಿಗಾಲಲ್ಲಿ ಶಿವಾಜಿನಗರದ ಮಾತೆಯ ಚರ್ಚಿಗೆ ನಡೆದುಕೊಂಡು ಹೋಗುವುದನ್ನು ನೀವು ನೋಡಿರಬಹುದು. ಬಹಳ ವರ್ಷಗಳ ಹಿಂದೆ ನನ್ನ ಅತ್ತಿಗೆ ಲೂರ್ದಮ್ಮನವರಿಗೆ ಟೈಫಾಯ್ಡ್ ಆಗಿ ಹತ್ತು ದಿನ ಕಣ್ಣು ಬಿಟ್ಟಿರಲಿಲ್ಲ. ಅಣ್ಣ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಇವಳು ಎದ್ದು ಕೂತರೆ ಬರಿಗಾಲಲ್ಲಿ ನಡೆದು ಬರ್ತೀನಿ ತಾಯಿ ಎಂದು ಹರಕೆ ಹೊತ್ತ. ನಾನು ಪಕ್ಕದಲ್ಲೇ ಇದ್ದೆ. ಹೊತ್ತದ್ದು ಒಂದು ಸಲಕ್ಕೆ. ಅತ್ತಿಗೆ ಎದ್ದು ಕೂತರು, ಅಣ್ಣ ನಡೆದು ಬಂದ, ಹರಕೆ ಅಲ್ಲಿಗೆ ತೀರಿತು. ಆಮೇಲಿನ ಇಪ್ಪತ್ತನಾಲ್ಕು ವರ್ಷ ಅವನನ್ನು ನಡಿ ಎಂದವರು ಯಾರೂ ಇಲ್ಲ. ಮಾತೆಯೂ ಕೇಳಿರಲಿಲ್ಲ. ಮೊದಲೆರಡು ವರ್ಷ ಸಂತೋಷಕ್ಕೆ ನಡೆದ, ಆಮೇಲೆ ಅಭ್ಯಾಸಕ್ಕೆ, ಆಮೇಲೆ ಲೆಕ್ಕ ತಪ್ಪಬಾರದು ಎಂದು.

ನಡುವೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡಿ ಎಂದು ಡಾಕ್ಟರು ಹೇಳಿದ್ದರು. ಇವನು ಕೇಳಿಯಾನೇ? ಯಶವಂತಪುರದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವನು. ಲೇತ್ ಯಂತ್ರದಿಂದ ಇಳಿಸಿದ ಕಬ್ಬಿಣದ ಮೇಲೆ ಹೆಬ್ಬೆರಳು ಸವರಿ, ಕೂದಲೆಳೆಯಷ್ಟು ಉಬ್ಬಿದ್ದರೂ ಹೇಳುತ್ತಿದ್ದ. ಅಂಥವನ ಅಂಗಾಲಿಗೆ ಕೊನೆಕೊನೆಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ಮುಳ್ಳೂ ತಿಳಿಯುತ್ತಿರಲಿಲ್ಲ. ಅದಕ್ಕೆ ಅವನು ಕೊಟ್ಟ ಅರ್ಥ ಬೇರೆ. ಪ್ರತಿವರ್ಷ ನಡಿಗೆ ಮುಗಿದ ಮೇಲೆ ಎಲ್ಲರ ಮುಂದೆ ನಿಂತು, “ಮೊದ್ಲೆಲ್ಲಾ ಕಾಲು ಉರೀತಿತ್ತು. ಈಗೀಗ ಒಂಚೂರೂ ನೋವಿಲ್ಲ. ಅಮ್ಮನ ಪವಾಡ ಕಣ್ರಪ್ಪಾ!” ಎನ್ನುತ್ತಿದ್ದ. ಜನ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಥೂ, ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನಿಸುತ್ತದೆ. ಯಾಕೆಂದರೆ ಆ ಗುಂಪಿನಲ್ಲಿ ಮುಂದೆ ನಿಂತು ಚಪ್ಪಾಳೆ ತಟ್ಟಿದವಳು ನಾನು.

ಹೋದ ವರ್ಷದ್ದು ಇಪ್ಪತ್ತೈದನೆಯ ನಡಿಗೆ. ಬೆಳ್ಳಿಹಬ್ಬ ಎಂದಮೇಲೆ ಸನ್ಮಾನ ಬೇಡವೇ? ಚರ್ಚಿನ ಮಹಿಳಾ ಸಂಘಕ್ಕೆ ನಾನೇ ಕಾರ್ಯದರ್ಶಿ. ಶಾಲು ಆರಿಸಿದವಳು ನಾನು, ಬಿನ್ನವತ್ತಳೆ ಬರೆದವಳೂ ನಾನೇ. ‘ಮಾತೆಯ ಕೃಪೆಯಿಂದ ನೋವನ್ನೇ ಅರಿಯದ ಪಾದಗಳು, ಹಿಡಿದ ಛಲವನ್ನು ಬಿಡದ ಭಕ್ತ’ ಎಂದು ಬರೆದು, ಫ್ರೇಮ್ ಹಾಕಿಸಿ, ಬೀರುವಿನಲ್ಲಿ ಇಟ್ಟಿದ್ದೆ. ಆ ಎರಡು ಸಾಲಿಗಾಗಿ ಒಂದು ಮಧ್ಯಾಹ್ನ ಪೂರ್ತಿ ಕುಳಿತಿದ್ದೆ. ಮುಗಿದಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಅತ್ತಿಗೆ ಮಾತು ಕಡಿಮೆ. ಪ್ರತಿವರ್ಷ ಅವರೂ ಅಣ್ಣನ ಜೊತೆ ನಡೆಯುತ್ತಾರೆ, ತಮ್ಮ ಕಾಲಿಗೆ ಚಪ್ಪಲಿ ಹಾಕಿಕೊಂಡು, ಅಣ್ಣನ ಚಪ್ಪಲಿಯನ್ನು ಒಂದು ಬಟ್ಟೆಯ ಕೈಚೀಲದಲ್ಲಿ ಇಟ್ಟುಕೊಂಡು. ಬೇಕಾದರೆ ಹಾಕಿಕೊಳ್ಳಲಿ ಎಂದು. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಆ ಚೀಲದಿಂದ ಚಪ್ಪಲಿ ಹೊರಗೆ ಬಂದಿರಲಿಲ್ಲ. ಹೋದ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ಅವರು ಅಣ್ಣನ ಹಿಮ್ಮಡಿಯ ಬಿರುಕು ನೋಡಿ, “ಈ ಸಲ ಬೇಡಾರೀ” ಎಂದರಂತೆ. “ಇಪ್ಪತ್ತೈದಕ್ಕೆ ಬಂದು ನಿಲ್ಸು ಅಂತೀಯಲ್ಲ, ಬುದ್ಧಿ ಇದೆಯಾ ನಿಂಗೆ?” ಎಂದು ಅಣ್ಣ ರೇಗಿದ. ಅದು ಒಂದು. ಹೊರಡುವ ದಿನ ಬೆಳಿಗ್ಗೆ ಗೇಟಿನ ಹತ್ತಿರ ಚಪ್ಪಲಿ ಜೋಡಿಸಿಟ್ಟು ಅಡ್ಡ ನಿಂತರು. ಹೋಗೋ ಹೊತ್ತಲ್ಲಿ ಅಪಶಕುನದ ಹಾಗೆ ನಿಂತಿದ್ದೀಯ ಎಂದು ಚಪ್ಪಲಿಯನ್ನು ಕಾಲಲ್ಲಿ ಒದ್ದ. ಅದು ಎರಡು. ಅತ್ತಿಗೆ ಚಪ್ಪಲಿ ಎತ್ತಿ, ಮಣ್ಣು ಒರೆಸಿ, ಚೀಲಕ್ಕೆ ಹಾಕಿಕೊಂಡು ಹಿಂದೆ ನಡೆದರು.

ಮೂರನೆಯದು ನನ್ನ ಮನೆಯಲ್ಲೇ ಆಯಿತು. ಸಿಂಗಾಪುರದಿಂದ ಬರುವವರು ಮತ್ತಿಕೆರೆಯ ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು, ಮೇಖ್ರಿ ಸರ್ಕಲ್ ಕಡೆ ಹೊರಡುವುದು ರೂಢಿ. ಅಣ್ಣ ಒಳಗೆ ಬಂದು ಕುಳಿತ. ಅತ್ತಿಗೆ ಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದರು. ನನ್ನ ಬಿಳಿ ಟೈಲ್ಸಿನ ಮೇಲೆ ಬಾಗಿಲಿನಿಂದ ಕುರ್ಚಿಯವರೆಗೆ ಕೆಂಪು ಹೆಜ್ಜೆ. ಎಡಗಾಲಿನದು ಮಾತ್ರ.

“ರೀ, ರಕ್ತ” ಎಂದರು ಅತ್ತಿಗೆ.

“ಏ, ಕುಂಕುಮ ಕಣೇ ಅದು! ನಿನ್ನೆ ಅಮಾವಾಸ್ಯೆ, ಬೀದಿ ತುಂಬಾ ಕುಂಬಳಕಾಯಿ ಒಡ್ದಿದ್ದಾರೆ. ತುಳ್ದಿರ್ತೀನಿ.”

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಬೀದಿಯ ಗ್ಯಾರೇಜಿನವರು ಅಮಾವಾಸ್ಯೆಗೊಮ್ಮೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ದೃಷ್ಟಿ ತೆಗೆದು, ನಡುಬೀದಿಯಲ್ಲಿ ಒಡೆಯುತ್ತಾರೆ. ಅವತ್ತೂ ಅದರ ಹೋಳು ನಮ್ಮ ಗೇಟಿನ ಮುಂದೆಯೇ ಬಿದ್ದಿತ್ತು.

“ಹೌದು ಅತ್ತಿಗೆ, ನಾನೇ ನೋಡ್ದೆ. ಕುಂಕುಮಾನೇ ಅದು” ಎಂದೆ ನಾನು.

“ಒಂದ್ಸಲ ಕಾಲೆತ್ತಿ ತೋರ್ಸಿ” ಎಂದರು ಅತ್ತಿಗೆ, ಅಣ್ಣನ ಮುಂದೆ ನೆಲದ ಮೇಲೆ ಕುಳಿತು.

“ಬಾಯ್ಮುಚ್ಕೊಂಡು ಏಳು ಮೇಲೆ! ತಂಗಿ ಮುಂದೆ ಮಾನ ಕಳೀಬೇಡ” ಎಂದು ಅಣ್ಣ ಕಿರುಚಿದ. ಮಜ್ಜಿಗೆಯ ಲೋಟ ಕುಕ್ಕಿ, ಎದ್ದು ನಡೆದೇಬಿಟ್ಟ. ಅತ್ತಿಗೆ ಕೈಚೀಲ ಎತ್ತಿಕೊಂಡು ಅವನ ಹಿಂದೆ ಹೋದರು.

ಈಗ ನಾನು ಹೇಳುವುದನ್ನು ಇದುವರೆಗೆ ಫಾದರ್ ಒಬ್ಬರಿಗೆ ಮಾತ್ರ ಹೇಳಿದ್ದೇನೆ. ಅಣ್ಣ ಅತ್ತಿಗೆ ಹೋದ ಮೇಲೆ ಒದ್ದೆ ಬಟ್ಟೆ ತಂದು ನೆಲ ಒರೆಸಿದೆ. ಕುಂಕುಮ ನೀರು ತಗಲಿದರೆ ರಾಡಿಯಾಗಿ ಹರಡುತ್ತದೆ, ಟೈಲ್ಸಿನ ಸಂದಿಯಲ್ಲಿ ಕೂತರೆ ವಾರ ಹೋಗುವುದಿಲ್ಲ. ಅಮಾವಾಸ್ಯೆಗೊಮ್ಮೆ ಉಜ್ಜುವ ನನಗೆ ಅದು ಗೊತ್ತಿಲ್ಲವೇ? ಇದು ಅಂಟಂಟಾಗಿ ಬಟ್ಟೆಗೆ ಎದ್ದುಬಂತು. ನನಗೆ ತಿಳಿಯಿತು. ಒಂದು ಗಳಿಗೆ ಬಟ್ಟೆ ಹಿಡಿದು ಕುಳಿತೆ. ಎದ್ದು ಓಡಿದ್ದರೆ ಅವರು ಬೀದಿಯ ತಿರುವಿನಲ್ಲೇ ಸಿಗುತ್ತಿದ್ದರು. ಆದರೆ ಬೀರುವಿನಲ್ಲಿ ಶಾಲು ಇತ್ತು, ಬಿನ್ನವತ್ತಳೆ ಇತ್ತು, ಮುಂದಿನ ಭಾನುವಾರಕ್ಕೆ ಹಾಲ್ ಗೊತ್ತುಮಾಡಿಯಾಗಿತ್ತು. ಕುಂಕುಮವೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಬಟ್ಟೆ ಒಗೆದು ಹಾಕಿದೆ. ಆಮೇಲೆ ಸ್ನಾನ ಮಾಡಿ, ಸೀರೆ ಉಟ್ಟು, ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ಅಣ್ಣ ಬಂದು ಮುಟ್ಟಿದಾಗ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮೊಣಕಾಲಿನಿಂದ ಮೇಲಕ್ಕೆ ಮಾತ್ರ ಬರುವ ಹಾಗೆ ತೆಗೆದಿದ್ದೆ.

ನಾಲ್ಕನೆಯ ದಿನ ಅಣ್ಣನಿಗೆ ಚಳಿಜ್ವರ ಬಂತು, ಕಾಲು ಮೊಣಕಾಲವರೆಗೆ ಊದಿತು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಅಂಗಾಲಿನೊಳಗೆ ಕಡಲೆಬೇಳೆಯಷ್ಟು ಗಾಜಿನ ಚೂರು ಸಿಕ್ಕಿತು. ಸುತ್ತ ಎಲ್ಲ ಕೊಳೆತಿತ್ತು.

“ಇದನ್ನಿಟ್ಕೊಂಡು ಅಷ್ಟು ದೂರ ನಡೆದ್ರಾ? ನೋವಾಗ್ಲಿಲ್ವಾ?” ಎಂದು ಕೇಳಿದರು ಡಾಕ್ಟರಮ್ಮ.

“ಒಂಚೂರೂ ನೋವಾಗ್ಲಿಲ್ಲ ಡಾಕ್ಟ್ರೇ. ಎಲ್ಲಾ ಅಮ್ಮನ ದಯೆ” ಎಂದ ಅಣ್ಣ, ಆ ಜ್ವರದಲ್ಲೂ ಎದೆಯುಬ್ಬಿಸಿ.

“ಅದು ದಯೆ ಅಲ್ಲ ಯಜಮಾನ್ರೇ. ಅದೇ ನಿಮ್ಮ ಕಾಯಿಲೆ.”

ಎರಡು ಬೆರಳು ತೆಗೆಯಲೇಬೇಕು, ಪಾದ ಉಳಿಯುತ್ತದೋ ಇಲ್ಲವೋ ಎರಡು ದಿನ ನೋಡಿ ಹೇಳುತ್ತೇವೆ ಎಂದರು. ಬೆರಳು ತೆಗೆದರು. ಆ ಎರಡು ದಿನ ನಾನು ಜಪಸರ ಹಿಡಿದು ಕುಳಿತಿದ್ದರೂ ಪ್ರಾರ್ಥನೆ ಬರುತ್ತಿರಲಿಲ್ಲ, ಸಿಟ್ಟೇ ಬರುತ್ತಿತ್ತು. ಅಣ್ಣನ ಮೇಲೆ ಸಿಟ್ಟು, ಅವನ ಪಾದ ಮುಟ್ಟಿದವರ ಮೇಲೆ ಸಿಟ್ಟು, ನನ್ನ ಮೇಲಂತೂ ಹೇಳತೀರದಷ್ಟು ಸಿಟ್ಟು. ಅತ್ತಿಗೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕೈಚೀಲ ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದರು. ಚಪ್ಪಲಿ ಇನ್ನೂ ಅದರಲ್ಲೇ ಇತ್ತು.

ಎರಡನೆಯ ದಿನ ಅಣ್ಣನಿಗೆ ಸ್ವಲ್ಪ ಜ್ವರ ಇಳಿಯಿತು. ಕಣ್ಣು ಬಿಟ್ಟವನೇ ನನ್ನ ಕಡೆ ತಿರುಗಿ, “ಫಿಲೋ, ಲೆಕ್ಕ ಇಪ್ಪತ್ತೈದಕ್ಕೇ ನಿಲ್ಲಲ್ಲ ಬಿಡು. ಮುಂದಿನ್ ವರ್ಷ ಕೋಲು ಹಿಡ್ಕೊಂಡಾದ್ರೂ ನಡೀತೀನಿ” ಎಂದ.

ಪಾದ ಹೋಗುತ್ತದೋ ಉಳಿಯುತ್ತದೋ ಗೊತ್ತಿಲ್ಲ, ಮಹಾರಾಯ ಇಪ್ಪತ್ತಾರನೆಯದರ ಲೆಕ್ಕ ಹಾಕುತ್ತಿದ್ದಾನೆ! ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕು ಎಂದು ಎದ್ದು ನಿಂತೆ. ಅಷ್ಟರಲ್ಲಿ ಅತ್ತಿಗೆ ಮಾತಾಡಿದರು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

“ಮೂವತ್ಮೂರು ವರ್ಷ ಆಯ್ತು ನಿಮ್ಮನೆಗೆ ಬಂದು. ಯಾವತ್ತಾದ್ರೂ ಸುಮ್‌ಸುಮ್ನೆ ಬೇಡ ಅಂದಿದ್ದೀನಾ ನಾನು?”

ಆ ಕಥೆಯಲ್ಲಿ ಕತ್ತೆ ಕೇಳಿದ್ದೂ ಇದನ್ನೇ. ಇಷ್ಟು ವರ್ಷ ನಿನ್ನನ್ನು ಹೊತ್ತಿದ್ದೇನಲ್ಲ, ಎಂದಾದರೂ ಹೀಗೆ ಮಾಡಿದ್ದೆನೇ ಎಂದು. ಬೈಯಲಿಲ್ಲ, ಶಾಪ ಹಾಕಲಿಲ್ಲ, ಅಷ್ಟೇ ಕೇಳಿತು. ಪಾಠ ಮಾಡುವಾಗ ನಾನು ಕೀರಲು ದನಿ ತೆಗೆದು ಮಕ್ಕಳನ್ನು ನಗಿಸುತ್ತಿದ್ದ ಜಾಗ ಅದು. ಅತ್ತಿಗೆಗೆ ಈ ಹೋಲಿಕೆಯನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ನಮ್ಮ ಭಾಷೆಯಲ್ಲಿ ಒಬ್ಬರನ್ನು ಕತ್ತೆಗೆ ಹೋಲಿಸಿ ಅದು ಹೊಗಳಿಕೆ ಎಂದು ಒಪ್ಪಿಸುವ ಧೈರ್ಯ ನನಗಿಲ್ಲ.

ಅಣ್ಣ ಸೂರು ನೋಡಿದ. ಕಿಟಕಿ ನೋಡಿದ. ಕಟ್ಟು ಹಾಕಿದ ತನ್ನ ಕಾಲನ್ನು ನೋಡಿದ. “ಇಲ್ಲ” ಎಂದ. ಪ್ರವಾದಿಯ ಬಾಯಿಂದ ಬಂದದ್ದೂ ಅಷ್ಟೇ, ಒಂದು ‘ಇಲ್ಲ’. ಆಮೇಲೆ ಅಣ್ಣ ಕೈ ಚಾಚಿ ಅತ್ತಿಗೆಯ ತೊಡೆಯ ಮೇಲಿದ್ದ ಚೀಲವನ್ನು ಮುಟ್ಟಿ, “ಇಷ್ಟು ವರ್ಷ ಹೊತ್ಯಲ್ಲೇ ಇದನ್ನ” ಎಂದು ಅತ್ತ. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ.

ಕಥೆಯಲ್ಲಿ ನಾನು ಯಾರು ಎಂದು ಅಲ್ಲಿ ನಿಂತಾಗ ಹೊಳೆಯಿತು. ಕತ್ತೆಯಂತೂ ಅಲ್ಲ, ದೇವದೂತನಂತೂ ಅಲ್ಲವೇ ಅಲ್ಲ. ಕಾಣಿಕೆ ಹಿಡಿದು, ಮರ್ಯಾದೆಯ ಆಸೆ ತೋರಿಸಿ, ಎರಡೆರಡು ಸಲ ಅವನ ಬಾಗಿಲಿಗೆ ಬಂದರಲ್ಲ ರಾಜನ ಕಡೆಯವರು, ಅವರ ಪೈಕಿ ನಾನು. ಪಾಠದಲ್ಲಿ ಅವರನ್ನು ಒಂದು ವಾಕ್ಯದಲ್ಲಿ ದಾಟಿಸಿ ಮುಂದೆ ಹೋಗುತ್ತಿದ್ದೆ. ಒಬ್ಬ ಮನುಷ್ಯ ಒಂಟಿಯಾಗಿ ಹಠ ಹಿಡಿದರೆ ಎರಡು ದಿನಕ್ಕೆ ಸುಸ್ತಾಗಿ ಬಿಟ್ಟಾನು. ಸುತ್ತ ನಿಂತು ಶಾಲು ಬೀಸುವವರು ಬಿಡಬೇಕಲ್ಲ!

ಪಾದ ಉಳಿಯಿತು. ಅದನ್ನು ದಯೆ ಎಂದು ಕರೆಯಲು ಡಾಕ್ಟರಮ್ಮನ ಅಡ್ಡಿ ಇರಲಿಲ್ಲ. ಸನ್ಮಾನ ಮುಂದೂಡೋಣ ಎಂದ ಸಂಘದವರ ಜೊತೆ ಜೋರಾಗಿ ಜಗಳವಾಡಿ ಅದನ್ನು ನಿಲ್ಲಿಸಿದೆ. ಬಿನ್ನವತ್ತಳೆಯನ್ನು ಫ್ರೇಮಿನಿಂದ ತೆಗೆದು ಹರಿದೆ. ಶಾಲು ಆಸ್ಪತ್ರೆಯ ಎಸಿಯ ಚಳಿಗೆ ಅತ್ತಿಗೆ ಹೊದೆಯಲು ಉಪಯೋಗಕ್ಕೆ ಬಂತು.

ಈ ವರ್ಷ ಮತ್ತೆ ಸೆಪ್ಟೆಂಬರ್ ಬಂತು. ಆಟೋದಲ್ಲಿ ಹೋಗಿ ಬರೋಣ ಎಂದು ಅತ್ತಿಗೆ ಹೇಳಿದ್ದಕ್ಕೆ ಅಣ್ಣ ಏಕೆ ಎಂದೂ ಕೇಳಲಿಲ್ಲವಂತೆ. ಬೆಳಿಗ್ಗೆ ಆಟೋ ನಮ್ಮ ಗೇಟಿನ ಮುಂದೆ ನಿಂತಿತು. ಒಳಗೆ ಅಣ್ಣ, ಕಾಲಲ್ಲಿ ಸಕ್ಕರೆ ಕಾಯಿಲೆಯವರ ದಪ್ಪ ಕಪ್ಪು ಚಪ್ಪಲಿ. ಪಕ್ಕದಲ್ಲಿ ಅತ್ತಿಗೆ, ಬರಿಗೈಯಲ್ಲಿ. ನಾನು ಕಾವಿ ಸೀರೆ ಉಟ್ಟು ಸಿದ್ಧವಾಗಿದ್ದೆ. ನೆಲ ಒರೆಸಿದ ಪಾಪಕ್ಕೆ ಈ ವರ್ಷ ನಾನೇ ಬರಿಗಾಲಲ್ಲಿ ನಡೆಯುವುದೆಂದು ಯಾರಿಗೂ ಹೇಳದೆ ನಿಶ್ಚಯಿಸಿದ್ದೆ. ಅತ್ತಿಗೆ ನನ್ನ ಕಾಲು ನೋಡಿದರು. ರಸ್ತೆ ನೋಡಿದರು. ಗ್ಯಾರೇಜಿನ ಮುಂದೆ ಗಾಜು ಚೆಲ್ಲಿತ್ತು.

“ಫಿಲೋ, ಚಪ್ಪಲಿ ಹಾಕ್ಕೊಂಡು ಆಟೋ ಹತ್ತು” ಎಂದರು.

“ಇಲ್ಲ ಅತ್ತಿಗೆ, ನಾನು ಮನಸ್ಸಲ್ಲಿ ಅಂದ್ಕೊಂಡ್ಬಿಟ್ಟಿದ್ದೀನಿ. ಒಂದೇ ಒಂದ್ ವರ್ಷ. ನೀವು ಹೋಗಿರಿ, ನಾನು ಹಿಂದೆ…”

ಆಟೋದೊಳಗಿಂದ ಅಣ್ಣ ತಲೆ ಹೊರಗೆ ಹಾಕಿದ. “ಲೇ ಫಿಲೋ, ಯಾವತ್ತಾದ್ರೂ ಸುಮ್‌ಸುಮ್ನೆ ಹೇಳಿದ್ದಾಳೇನೇ ಅವ್ಳು?”

ಸಿಟ್ಟು ಬಂತು, ಬರದೆ ಇರುತ್ತದೆಯೇ! ಬುದ್ಧಿ ಹೇಳಲು ಇವನೇ ಆಗಬೇಕಿತ್ತೇ ಎಂದು ಗೊಣಗುತ್ತ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಆಟೋ ಹತ್ತಿದೆ. ಆತುರದಲ್ಲಿ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡಿದ್ದೆ. ಅದನ್ನೂ ಅತ್ತಿಗೆಯೇ ನೋಡಿ ಹೇಳಬೇಕಾಯಿತು. ಈ ಸಲ ಒಂದೇ ಮಾತಿಗೆ ಬದಲಾಯಿಸಿಕೊಂಡೆ.